ಆಗದೆ ಉಳಿದ ರಾಜ್ಯದ ಹಾದಿಯಲ್ಲಿ

ಇಟಲಿಯ ಬಾರಿ ನಗರದ ಹಳೆಯ ಕೇರಿಯಲ್ಲಿ ಯಾವ ಓಣಿ ಹಿಡಿದು ಹೊರಟರೂ ಕೊನೆಗೆ ಅದು ಕಡಲಿಗೇ ತಂದು ಬಿಡುತ್ತದೆ. ಅಲ್ಲಿ, ಅಲೆಗಳಿಂದ ಕೂಗಳತೆ ದೂರದಲ್ಲಿ, ಸಂತ ನಿಕೋಲಸನ ಬೆಸಿಲಿಕಾ ನಿಂತಿದೆ. 1087ರಲ್ಲಿ ಶುರುವಾದ ಆ ಬಿಳಿಕಲ್ಲಿನ ಕಟ್ಟಡ ಚರ್ಚಾದರೂ ಕೋಟೆಯ ಗತ್ತಿನದು. ಆಗ ಊರಿನ ಒಡೆತನ ನಾರ್ಮನ್ನರದಾಗಿತ್ತು. ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮಂಡಿಯಿಂದ ಕೂಲಿ ಸೈನಿಕರಾಗಿ ಬಂದ ಈ ಜನ ಎರಡೇ ತಲೆಮಾರಿನಲ್ಲಿ ದಕ್ಷಿಣ ಇಟಲಿಯ ಧಣಿಗಳಾದರು. ಒತ್ವಿಲ್ ಎಂಬ ಪುಟ್ಟ ಊರಿನ ತಾಂಕ್ರೆಡನ ಹನ್ನೆರಡು ಗಂಡುಮಕ್ಕಳಲ್ಲಿ ಒಬ್ಬ ರಾಬರ್ಟ್ ಗಿಸ್ಕಾರ್. ಸುಮಾರು ಮೂರು ವರ್ಷ ಮುತ್ತಿಗೆ ಹಾಕಿ, 1071ರಲ್ಲಿ ಬಿಜಾಂಟಿಯಮ್ ಚಕ್ರವರ್ತಿಯ ಕೈಯಿಂದ ಬಾರಿಯನ್ನು ಕಿತ್ತುಕೊಂಡವನು ಅವನೇ.

ಬಂದರಿನ ಕಟ್ಟೆಯ ಮೇಲೆ ನಿಂತು ಮೂಡಣಕ್ಕೆ ಮುಖ ಮಾಡಿದೆ. ಈ ನೀರಿನಾಚೆ, ಸುಮಾರು 200 ಕಿಲೋಮೀಟರ್ ದೂರದಲ್ಲಿ, ದಾಲ್ಮಾಟಿಯಾದ ತೀರ. ಹನ್ನೊಂದನೇ ಶತಮಾನದಲ್ಲಿ ಆ ತೀರದ ಬೆನ್ನಿಗೆ ಕ್ರೊಯೇಶಿಯಾದ ಸ್ವತಂತ್ರ ರಾಜ್ಯವಿತ್ತು. ನಾರ್ಮಂಡಿಯಿಂದ ಇಲ್ಲಿಯವರೆಗೆ ಬಂದವರಿಗೆ ಈ ಕಡಲ ತುಂಡು ಯಾವ ಲೆಕ್ಕ? ಅವರು ದಾಟಲಿಲ್ಲವೇ?

ದಾಟಿದ್ದರು. ಕ್ರೊಯೇಶಿಯಾದ ರಾಜನನ್ನೇ ಸೆರೆಹಿಡಿದಿದ್ದರು. ಆದರೆ ಉಳಿಯಲಿಲ್ಲ. ಉಳಿದಿದ್ದರೆ? ಈ ಒಂದು ಪ್ರಶ್ನೆಯೇ ನನ್ನನ್ನು ಈ ತೀರದಿಂದ ಆ ತೀರಕ್ಕೆ, ಅಲ್ಲಿಂದ ಊರಿನಿಂದ ಊರಿಗೆ ನಡೆಸಿಕೊಂಡು ಹೋಯಿತು.

ಬಾರಿಯಿಂದ ವಾಯವ್ಯಕ್ಕೆ ರೈಲಿನಲ್ಲಿ ಸ್ವಲ್ಪ ದೂರ ಹೋದರೆ ಜೊವಿನಾತ್ಸೊ. ಪುಟ್ಟ ಬಂದರು, ಬಂದರನ್ನು ಅಪ್ಪಿಕೊಂಡಂತೆ ಕಲ್ಲಿನ ಮನೆಗಳು, ದಡಕ್ಕೆ ಕಟ್ಟಿದ ಮೀನುದೋಣಿಗಳು. ಈ ಊರಿನ ನಾರ್ಮನ್ ಒಡೆಯನ ಹೆಸರು ಅಮಿಕೊ. ಗಿಸ್ಕಾರನ ಮೇಲೆ ದಂಗೆಯೆದ್ದವರಲ್ಲಿ ಇವನೂ ಒಬ್ಬ. 1074-75ರ ಸುಮಾರಿಗೆ ಇವನು ಹಡಗುಗಳನ್ನು ಕಟ್ಟಿಕೊಂಡು ಕಡಲು ದಾಟಿದ. ಒಂದು ರಾಜ್ಯದ ಹಣೆಬರಹವನ್ನು ಬದಲಿಸಬಹುದಾಗಿದ್ದ ದಂಡು ಇಷ್ಟು ಚಿಕ್ಕ ಊರಿನ ಒಡೆಯನದೇ ಎಂದು ನಂಬುವುದಕ್ಕೇ ಆಗಲಿಲ್ಲ. ಬಂದರಿನ ಮೆಟ್ಟಿಲಲ್ಲಿ ಕುಳಿತು ಬಹಳ ಹೊತ್ತು ಆ ನೀರನ್ನೇ ನೋಡಿದೆ.

ಬಾರಿಯಿಂದ ರಾತ್ರಿ ಹಡಗು ಹತ್ತಿದರೆ ಬೆಳಗಿಗೆ ದುಬ್ರೋವ್ನಿಕ್. ಡೆಕ್ಕಿನ ಮೇಲೆ ನಿದ್ದೆ ಬರಲಿಲ್ಲ. ನಸುಕಿನಲ್ಲಿ ಮೊದಲು ಕಂಡದ್ದು ಬೋಳು ಸುಣ್ಣಕಲ್ಲಿನ ಬೆಟ್ಟಗಳ ಬೂದು ಗೆರೆ. ಬಿಸಿಲೇರಿದಂತೆ ಬೂದು ಗುಲಾಬಿಯಾಯಿತು, ಗುಲಾಬಿ ಬಿಳಿಯಾಯಿತು, ಆಮೇಲೆ ಆ ಬಿಳುಪಿನ ಬುಡದಲ್ಲಿ ಕೋಟೆಗೋಡೆಗಳು ಎದ್ದು ನಿಂತವು. ನಾನು ಉಸಿರಾಡುವುದನ್ನೂ ಮರೆತು ನೋಡಿದೆ.

ದುಬ್ರೋವ್ನಿಕ್ ನಿಜಕ್ಕೂ ಕೆಲಕಾಲ ನಾರ್ಮನ್ ನೆರಳಿನಲ್ಲಿ ಬಾಳಿದ ಊರು. 1081ರಲ್ಲಿ ಗಿಸ್ಕಾರ್ ಬಿಜಾಂಟಿಯಮ್ ಮೇಲೆ ದಂಡೆತ್ತಿ ದುರ್ರೆಸ್ ಕೋಟೆಗೆ ಮುತ್ತಿಗೆ ಹಾಕಿದಾಗ ಇಲ್ಲಿಯ ಹಡಗುಗಳು ಅವನ ಕಡೆ ನಿಂತವು. ನೂರು ವರ್ಷದ ಮೇಲೆ, 1186ರಲ್ಲಿ, ಸೆರ್ಬಿಯಾದ ಸ್ತೆಫಾನ್ ನೆಮಾನ್ಯನೊಂದಿಗೆ ಈ ಊರು ಶಾಂತಿ ಒಪ್ಪಂದ ಮಾಡಿಕೊಂಡಾಗ ಅದರ ಮೇಲೆ ಸಿಸಿಲಿಯ ನಾರ್ಮನ್ ದೊರೆ ಎರಡನೆಯ ವಿಲಿಯಮನ ರಕ್ಷಣೆಯಿತ್ತು. ಊರಿನ ಕಾನೂನು, ಊರಿನ ಹಿರಿಯರು, ಊರಿನ ವ್ಯಾಪಾರ ಎಲ್ಲವೂ ಹಾಗೇ ಇದ್ದವು. ದೂರದ ದೊರೆ, ಹಗುರಾದ ಹಿಡಿತ. ಅಮೃತಶಿಲೆಯಂತೆ ನುಣುಪಾದ ಬೀದಿಗಲ್ಲುಗಳ ಮೇಲೆ ನಡೆಯುವಾಗ, ನಾರ್ಮನ್ ಆಳ್ವಿಕೆ ಎಂದರೆ ಇಷ್ಟೇ ಆಗಿದ್ದರೆ ಯಾರಿಗೆ ಬೇಸರ ಎನಿಸಿತು. ಆದರೆ ನಾರ್ಮನ್ನರಿಗೆ ಇನ್ನೊಂದು ಮುಖವೂ ಇತ್ತು. ಅದರ ನೆನಪಾಗಿದ್ದು ಶಿಬೆನಿಕ್‌ನಲ್ಲಿ.

ಅದಕ್ಕೆ ಮೊದಲು ಸ್ಪ್ಲಿಟ್. ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ನನ ಅರಮನೆಯೊಳಗೇ ಬೆಳೆದ ಊರದು. ಜುಪಿಟರನ ಗುಡಿಯಾಗಿದ್ದ ಸಣ್ಣ ಕಟ್ಟಡ ಈಗ ದೀಕ್ಷಾಸ್ನಾನದ ಮಂದಿರ. ಅದರ ನೀರಿನ ತೊಟ್ಟಿಗೆ ಜೋಡಿಸಿದ ಹನ್ನೊಂದನೇ ಶತಮಾನದ ಕಲ್ಲುಹಲಗೆಯೊಂದರ ಮುಂದೆ ನಾನು ನಿಂತುಬಿಟ್ಟೆ. ಕಿರೀಟ ತೊಟ್ಟು, ಕೈಯಲ್ಲಿ ಶಿಲುಬೆ ಹಿಡಿದು ಪೀಠದ ಮೇಲೆ ಕುಳಿತ ಒಬ್ಬ ರಾಜ, ಪಕ್ಕದಲ್ಲಿ ನಿಂತ ಒಬ್ಬ ಆಳು, ಕಾಲಬಳಿ ಅಡ್ಡಬಿದ್ದ ಇನ್ನೊಬ್ಬ. ಇದು ಕ್ರೊಯೇಶಿಯಾದ ರಾಜನ ಚಿತ್ರ ಎಂದು ಬಹುಮಂದಿ ವಿದ್ವಾಂಸರು ನಂಬುತ್ತಾರೆ. ಗೆರೆಗಳು ಮುಗ್ಧ, ಕಣ್ಣುಗಳು ದುಂಡಗೆ, ಆದರೂ ಅದರಲ್ಲಿ ಒಂದು ರಾಜಠೀವಿಯಿದೆ.

ಅಮಿಕೊ ಹಿಡಿದ ರಾಜ ಯಾರು? ಆ ಕಾಲದ ದಾಖಲೆ ರಾಜನನ್ನು ಹಿಡಿದ ಸಂಗತಿಯನ್ನಷ್ಟೇ ಹೇಳಿ ಹೆಸರನ್ನು ಬಿಟ್ಟುಬಿಟ್ಟಿದೆ. ನಾಲ್ಕನೆಯ ಪೇತರ್ ಕ್ರೆಶಿಮಿರ್ ಇರಬೇಕೆಂದು ಹೆಚ್ಚಿನವರ ಊಹೆ. ಈ ಕಡಲನ್ನು 1069ರ ಒಂದು ದಾನಪತ್ರದಲ್ಲಿ ತನ್ನದೆಂದು ಹೆಮ್ಮೆಯಿಂದ ಕರೆದುಕೊಂಡ ರಾಜ ಅವನು. ಅದೇ ಕಡಲಿನಿಂದ ಬಂದ ಸಣ್ಣ ದಂಡೊಂದು ಅವನನ್ನು ಎತ್ತಿಕೊಂಡು ಹೋಯಿತೆಂದರೆ! ಅವನು ಮತ್ತೆ ಇತಿಹಾಸದಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಆ ದಿನಗಳಲ್ಲಿ ಕ್ರೊಯೇಶಿಯಾದ ಸಿಂಹಾಸನ ಎಷ್ಟು ತೂಗಾಡುತ್ತಿತ್ತೆಂದರೆ, ಪೋಪ್ ಏಳನೆಯ ಗ್ರೆಗರಿ 1075ರ ಜನವರಿಯಲ್ಲಿ ಡೆನ್ಮಾರ್ಕಿನ ರಾಜ ಸ್ವೆನ್‌ಗೆ ಬರೆದ ಪತ್ರದಲ್ಲಿ, ಕಡಲ ತೀರದ ಒಂದು ಸಿರಿವಂತ ಸೀಮೆಯಿದೆ, ನಿನ್ನ ಮಗನೊಬ್ಬ ಬಂದು ಆಳಬಹುದು ಎಂಬರ್ಥದ ಮಾತು ಬರುತ್ತದೆ. ಆ ಸೀಮೆ ಇದೇ ಎಂದು ಅನೇಕ ಇತಿಹಾಸಕಾರರ ಅಭಿಪ್ರಾಯ. ಒಂದು ಕಡೆ ನಾರ್ಮನ್, ಇನ್ನೊಂದು ಕಡೆ ಡೇನ್. ಉತ್ತರದ ಕಡಲಿಗರ ಎರಡು ಕವಲುಗಳು ಒಂದೇ ವರ್ಷ ಈ ಬಿಳಿ ಬೆಟ್ಟಗಳ ಬಾಗಿಲಿಗೆ ಬಂದಿದ್ದವು!

ಎರಡೂ ಆಗಲಿಲ್ಲ. ಸ್ಪ್ಲಿಟ್‌ನ ಪಕ್ಕದ ಸೋಲಿನ್‌ನಲ್ಲಿ, ಯಾದ್ರೊ ನದಿಯ ಬದಿಯ ಹುಲ್ಲಿನಲ್ಲಿ, ಸಂತ ಪೀಟರ್ ಮತ್ತು ಮೋಸೆಸ್ ಹೆಸರಿನ ಬೆಸಿಲಿಕಾದ ಅಡಿಪಾಯಗಳಿವೆ. ಈಗ ಅಲ್ಲಿ ಮೊಣಕಾಲೆತ್ತರದ ಗೋಡೆಗಳು, ಮೇಲೆ ಬರಿಯ ಆಕಾಶ. 1076ರ ಅಕ್ಟೋಬರಿನಲ್ಲಿ ಇಲ್ಲಿಯೇ ದ್ಮಿತರ್ ಜ್ವೋನಿಮಿರ್ ಕ್ರೊಯೇಶಿಯಾದ ರಾಜನಾಗಿ ಪೋಪನ ಪ್ರತಿನಿಧಿಯ ಕೈಯಿಂದ ಕಿರೀಟ, ಖಡ್ಗ, ಧ್ವಜ, ರಾಜದಂಡ ಪಡೆದ. ವರ್ಷಕ್ಕೆ 200 ಚಿನ್ನದ ನಾಣ್ಯ ಕಾಣಿಕೆ ಕೊಡುವೆನೆಂದೂ ಮನುಷ್ಯರ ಮಾರಾಟವನ್ನು ತಡೆಯುವೆನೆಂದೂ ಪ್ರಮಾಣ ಮಾಡಿದ. ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಪಟ್ಟವೇರಿ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದ ವರ್ಷವೂ ಅದೇ 1076. ಆ ಹುಲ್ಲಿನ ಮೇಲೆ ನಿಂತು ಇದನ್ನು ನೆನೆದಾಗ ಮೈ ಜುಮ್ಮೆಂದಿತು.

ಜ್ವೋನಿಮಿರ್ ನಾರ್ಮನ್ನರಿಗೆ ಸೋಲಲಿಲ್ಲ, ಅವರನ್ನು ಗೆಳೆಯರನ್ನಾಗಿ ಮಾಡಿಕೊಂಡ. ಪೋಪ್ ಮತ್ತು ಗಿಸ್ಕಾರ್ 1080ರಲ್ಲಿ ರಾಜಿಯಾದ ಮೇಲೆ ಅವನು ಅವರ ಪಕ್ಷದಲ್ಲೇ ಇದ್ದ. ಬಿಜಾಂಟಿಯಮ್ ಮೇಲಿನ ಯುದ್ಧದ ನಡುವೆ, 1085ರ ಜುಲೈನಲ್ಲಿ, ಕೆಫಲೋನಿಯಾ ದ್ವೀಪದಲ್ಲಿ ಗಿಸ್ಕಾರ್ ಜ್ವರದಿಂದ ಸತ್ತ. ಅಲ್ಲಿಯ ಫಿಸ್ಕಾರ್ಡೊ ಊರು ಇಂದಿಗೂ ಅವನ ಹೆಸರು ಹೊತ್ತಿದೆ. ಅವನು ಇನ್ನೊಂದು ಹತ್ತು ವರ್ಷ ಬದುಕಿದ್ದರೆ ಆಡ್ರಿಯಾಟಿಕ್‌ನ ಎರಡೂ ದಡ ಒಂದೇ ಮನೆತನದ ಅಂಗಳವಾಗುತ್ತಿತ್ತೇನೋ.

ಶಿಬೆನಿಕ್ ಬೆಟ್ಟದ ಮೈಗೆ ಅಂಟಿಕೊಂಡ ಊರು. ಮೆಟ್ಟಿಲ ಮೇಲೆ ಮೆಟ್ಟಿಲು, ಕಮಾನಿನ ಕೆಳಗೆ ಕಮಾನು. ಏದುಸಿರು ಬಿಡುತ್ತಾ ಸಂತ ಮೈಕೇಲನ ಕೋಟೆಗೆ ಹತ್ತಿದರೆ ಕೆಳಗೆ ದ್ವೀಪಗಳ ಸರಮಾಲೆ. ಈ ಊರಿನ ಹೆಸರು ಮೊದಲು ಸಿಗುವುದು ಪೇತರ್ ಕ್ರೆಶಿಮಿರ್ ಇಲ್ಲಿದ್ದು ಹೊರಡಿಸಿದ ಸನ್ನದಿನಲ್ಲಿ. ಅದು ಹೊತ್ತಿರುವ ತಾರೀಖು 1066ರ ಕ್ರಿಸ್‌ಮಸ್. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ನಾರ್ಮಂಡಿಯ ವಿಲಿಯಮ್ ಇಂಗ್ಲೆಂಡಿನ ಕಿರೀಟ ತೊಟ್ಟಿದ್ದೂ 1066ರ ಕ್ರಿಸ್‌ಮಸ್ ದಿನವೇ! ಯುರೋಪಿನ ಒಂದು ಮೂಲೆಯಲ್ಲಿ ನಾರ್ಮನ್ನರು ಒಂದು ರಾಜ್ಯವನ್ನು ನುಂಗಿದರು, ಇನ್ನೊಂದು ಮೂಲೆಯಲ್ಲಿ ಒಂಬತ್ತು ವರ್ಷದೊಳಗೆ ಅವರು ನುಂಗಲು ಬರಲಿದ್ದ ರಾಜ್ಯವೊಂದು ನೆಮ್ಮದಿಯಿಂದ ದಾನ ಬರೆಯುತ್ತಿತ್ತು.

ಇಂಗ್ಲೆಂಡಿನಲ್ಲಿ ಆಮೇಲೆ ಆದದ್ದೇನು? 1086ರಲ್ಲಿ ಡೂಮ್ಸ್‌ಡೇ ಲೆಕ್ಕಪುಸ್ತಕ ಬರೆಯುವ ಹೊತ್ತಿಗೆ ನಾಡಿನ ಬಹುಪಾಲು ಜಮೀನು ಹೊಸ ಒಡೆಯರ ಪಾಲಾಗಿತ್ತು. ಊರೂರಿಗೆ ಕೋಟೆ ಎದ್ದಿತು. ಅರಮನೆಗೆ ಫ್ರೆಂಚ್, ಚರ್ಚಿಗೆ ಲ್ಯಾಟಿನ್, ಹೊಲದವನಿಗೆ ಇಂಗ್ಲಿಷ್ ಎಂದಾಯಿತು. ಕೋರ್ಟಿನಲ್ಲಿ ಇಂಗ್ಲಿಷಿನಲ್ಲಿ ವಾದಿಸಬೇಕೆಂಬ ಕಾನೂನು ಬಂದದ್ದು 1362ರಲ್ಲಿ. ಸುಮಾರು ಮುನ್ನೂರು ವರ್ಷ ಒಂದು ನುಡಿ ತನ್ನ ಮನೆಯ ಹಿತ್ತಿಲಲ್ಲಿ ನಿಂತಿತ್ತು.

ಸಿಸಿಲಿಯ ಕತೆ ಬೇರೆ. ಪಲೆರ್ಮೊದಲ್ಲಿ ಎರಡನೆಯ ರೋಜರ್ ಕಟ್ಟಿಸಿದ ಅರಮನೆಯ ಪ್ರಾರ್ಥನಾಮಂದಿರವನ್ನು ಕಂಡವರು ಅದನ್ನು ಮರೆಯಲಾರರು. ಮಾಡಿಗೆ ಅರಬ್ ಕುಶಲಕರ್ಮಿಗಳ ಮರದ ಕೆತ್ತನೆ, ಗೋಡೆಗೆ ಗ್ರೀಕ್ ಕೈಯ ಚಿನ್ನದ ಮೊಸಾಯಿಕ್, ಪೂಜೆ ಲ್ಯಾಟಿನ್. ಅದೇ ಊರಿನ ಜೀಸಾ ಅರಮನೆಯಲ್ಲಿ 1149ರ ಒಂದು ಸಮಾಧಿಕಲ್ಲಿದೆ. ಪಾದ್ರಿಯೊಬ್ಬ ತನ್ನ ತಾಯಿಗಾಗಿ ಹಾಕಿಸಿದ್ದು. ಲ್ಯಾಟಿನ್, ಗ್ರೀಕ್, ಅರಬ್ಬಿ, ಹೀಬ್ರೂ ನಾಲ್ಕೂ ಲಿಪಿಗಳಲ್ಲಿ ಬರಹ. ಅಲ್‌ ಇದ್ರೀಸಿ ಎಂಬ ಅರಬ್ ಪಂಡಿತ 1154ರಲ್ಲಿ ರೋಜರನಿಗಾಗಿ ಮುಗಿಸಿದ ಭೂಗೋಳದಲ್ಲಿ ಈ ದಾಲ್ಮಾಟಿಯಾದ ಊರುಗಳೂ ಬರುತ್ತವೆ.

ಹಾಗಾದರೆ ಕ್ರೊಯೇಶಿಯಾಕ್ಕೆ ಯಾವ ನಾರ್ಮನ್ ಸಿಗುತ್ತಿದ್ದ? ಇಂಗ್ಲೆಂಡಿನವನೋ, ಸಿಸಿಲಿಯವನೋ? ಶಿಬೆನಿಕ್‌ನ ಕೋಟೆಯಲ್ಲಿ ಮನಸ್ಸಿಗೆ ಹೊಕ್ಕ ಈ ಪ್ರಶ್ನೆ ಮುಂದಿನ ದಾರಿಯುದ್ದಕ್ಕೂ ಜೊತೆಗೇ ಬಂತು.

ಬಿಯೋಗ್ರಾದ್ ಈಗ ವಿಹಾರದೋಣಿಗಳ, ಐಸ್‌ಕ್ರೀಮಿನ, ಪೈನ್ ಮರಗಳ ಊರು. ಒಂದು ಕಾಲಕ್ಕೆ ಕ್ರೊಯೇಶಿಯಾದ ರಾಜಧಾನಿಗಳಲ್ಲಿ ಒಂದು. 1125ರಲ್ಲಿ ವೆನಿಸ್ ಅದನ್ನು ನೆಲಸಮ ಮಾಡಿತು. ಈಗ ಉಳಿದಿರುವುದು ಹಳೆಯ ಚರ್ಚುಗಳ ಒಂದಿಷ್ಟು ಅಡಿಪಾಯ. ಈ ಬಂದರಿನಲ್ಲಿ 1097ರಲ್ಲಿ ಒಂದು ಮದುವೆಯ ಹಡಗು ಬಂದು ನಿಂತಿತು. ಅದರಲ್ಲಿದ್ದವಳು ಗಿಸ್ಕಾರನ ತಮ್ಮ, ಸಿಸಿಲಿಯ ರೋಜರನ ಮಗಳು. ಇತಿಹಾಸದ ಪುಸ್ತಕಗಳು ಅವಳನ್ನು ಫೆಲಿಸಿಯಾ ಎನ್ನುತ್ತವೆ. ಹಂಗರಿಯ ರಾಜ ಕೊಲೊಮನನಿಗೆ ವಧು. ಅದೇ ವರ್ಷ ಕೊಲೊಮನನ ಸೇನೆಯೆದುರು ಗ್ವೋಜ್ದ್ ಬೆಟ್ಟದಲ್ಲಿ ಕ್ರೊಯೇಶಿಯಾದ ಕೊನೆಯ ಸ್ವಂತ ರಾಜ ಪೇತರ್ ಮಡಿದ. 1102ರಲ್ಲಿ ಕೊಲೊಮನ್ ಇದೇ ಬಿಯೋಗ್ರಾದ್‌ನಲ್ಲಿ ಕ್ರೊಯೇಶಿಯಾದ ಕಿರೀಟವನ್ನೂ ಧರಿಸಿದ. ಅವನಿಗೂ ಫೆಲಿಸಿಯಾಗೂ ಹುಟ್ಟಿದ ಸ್ತೆಫಾನ್ 1116ರಿಂದ 1131ರವರೆಗೆ ಹಂಗರಿ ಮತ್ತು ಕ್ರೊಯೇಶಿಯಾ ಎರಡಕ್ಕೂ ರಾಜ. ಅಮಿಕೊ ಕತ್ತಿ ಹಿಡಿದು ಪಡೆಯಲಾಗದ ಸಿಂಹಾಸನದ ಮೇಲೆ ನಾರ್ಮನ್ ರಕ್ತ ಹೀಗೆ ತಾಯಿಯ ಕಡೆಯಿಂದ ಬಂದು ಕುಳಿತಿತು!

ಅಲ್ಲಿಂದ ಜಾದರ್. ಊರಿನ ನಡುವೆ ರೋಮನ್ ಫೋರಮ್ಮಿನ ಕಲ್ಲುಗಳು. ಅದರ ಎದುರಿಗೆ, ರಾಜಬಂಧುವಾದ ಚಿಕಾ ಎಂಬ ವಿಧವೆ 1066ರಲ್ಲಿ ಸ್ಥಾಪಿಸಿದ ಸಂತ ಮೇರಿಯ ಸನ್ಯಾಸಿನಿಯರ ಮಠ. ಆ ಕ್ರಿಸ್‌ಮಸ್ ಸನ್ನದು ಬಂದದ್ದು ಈ ಮಠದ ಪಾಲಿಗೇ. ಅದರ ಗಂಟೆಗೋಪುರ 1105ರಲ್ಲಿ ಕೊಲೊಮನ್ ಕಟ್ಟಿಸಿದ್ದು. ಸನ್ಯಾಸಿನಿಯರು ಇಂದಿಗೂ ಅಲ್ಲಿದ್ದಾರೆ. ಎಷ್ಟು ಧಣಿಗಳು ಬಂದು ಹೋದರೂ ಹೆಂಗಸೊಬ್ಬಳು ಕಟ್ಟಿದ ಮನೆ ಒಂಬೈನೂರು ವರ್ಷಕ್ಕೂ ಮೀರಿ ನಿಂತಿದೆ.

ಅಮಿಕೊನನ್ನು ಓಡಿಸಿದವರು ವೆನಿಸ್‌ನವರು. ಎರಡೂ ದಡ ನಾರ್ಮನ್ನರ ಕೈಸೇರಿದರೆ ತಮ್ಮ ಹಡಗುಗಳಿಗೆ ಹೊರಗಿನ ದಾರಿಯೇ ಮುಚ್ಚುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಯ ಅಧಿಪತಿ ದೊಮೆನಿಕೊ ಸೆಲ್ವೊ ನಾರ್ಮನ್ನರನ್ನು ತೀರದಿಂದ ಕಿತ್ತುಹಾಕಿ, 1076ರ ಫೆಬ್ರವರಿಯಲ್ಲಿ ಸ್ಪ್ಲಿಟ್, ತ್ರೋಗಿರ್, ಜಾದರ್, ಬಿಯೋಗ್ರಾದ್ ಊರುಗಳಿಂದ ಇನ್ನು ಮುಂದೆ ನಾರ್ಮನ್ನರನ್ನು ಕರೆತರುವುದಿಲ್ಲವೆಂದು ಪ್ರಮಾಣ ಮಾಡಿಸಿಕೊಂಡ. ಕರೆದವರು ಇಲ್ಲದೆ ಹೀಗೆ ಪ್ರಮಾಣ ಮಾಡಿಸುತ್ತಾರೆಯೇ? ಕರಾವಳಿಯ ಪಟ್ಟಣಗಳಲ್ಲಿ ಕೆಲವರಿಗಾದರೂ ನಾರ್ಮನ್ ದೊರೆ ಬೇಕಾಗಿದ್ದ ಎಂದೇ ನನಗನ್ನಿಸುತ್ತದೆ. ಮುಂದೆ ಸಿಸಿಲಿ ಮತ್ತು ದಕ್ಷಿಣ ಇಟಲಿಯ ನಾರ್ಮನ್ ರಾಜ್ಯ 1194ರಲ್ಲಿ ಜರ್ಮನ್ ಮನೆತನಕ್ಕೆ ಹೋಯಿತು, ಆಮೇಲೆ ಫ್ರಾನ್ಸಿನ ಆಂಜೂ ಮನೆತನಕ್ಕೆ. ಆ ಮನೆತನದ ನೇಪಲ್ಸ್ ದೊರೆ ಲಾದಿಸ್ಲಾವ್ 1403ರಲ್ಲಿ ಇದೇ ಜಾದರ್‌ನಲ್ಲಿ ಕಿರೀಟ ತೊಟ್ಟು, 1409ರಲ್ಲಿ ದಾಲ್ಮಾಟಿಯಾದ ಮೇಲಿನ ತನ್ನ ಹಕ್ಕನ್ನು ಒಂದು ಲಕ್ಷ ಡಕಾಟುಗಳಿಗೆ ವೆನಿಸ್‌ಗೆ ಮಾರಿದ. ಆಚೆ ದಡದ ದೊರೆಗೆ ಈಚೆ ದಡ ಕೊನೆಗೆ ಒಂದು ಸರಕು.

ರಾಬ್ ದ್ವೀಪಕ್ಕೆ ದೋಣಿ ಸಮೀಪಿಸುವಾಗ ನಾಲ್ಕು ಗಂಟೆಗೋಪುರಗಳು ಒಂದೇ ಸಾಲಿನಲ್ಲಿ ಎದ್ದು ಕಾಣುತ್ತವೆ. ಎದುರು ದಡದ ಬೆಟ್ಟದಿಂದ ಬೀಸುವ ಬೂರಾ ಎಂಬ ಚಳಿಗಾಳಿ ದ್ವೀಪದ ಒಂದು ಮಗ್ಗುಲನ್ನು ಬೋಳು ಮಾಡಿದೆ, ಇನ್ನೊಂದು ಮಗ್ಗುಲು ಹಸಿರು ಕಾಡು. 1075ರ ವಸಂತದಲ್ಲಿ ಅಮಿಕೊ ಈ ಊರಿಗೆ ಮುತ್ತಿಗೆ ಹಾಕಿದ. ಊರವರು ಸಂತ ಕ್ರಿಸ್ಟೋಫರನ ಅವಶೇಷವನ್ನು ಗೋಡೆಯ ಮೇಲೆ ತಂದಿಟ್ಟರೆಂದೂ ಶತ್ರುಗಳು ಸೋತು ಹಿಂದಿರುಗಿದರೆಂದೂ ಇಲ್ಲಿಯ ಐತಿಹ್ಯ. ಆ ಸಂತನ ತಲೆಬುರುಡೆಯದೆಂದು ನಂಬುವ ಅವಶೇಷವಿರುವ ಬೆಳ್ಳಿಕರಂಡಕ ರಾಬ್‌ನಲ್ಲಿ ಇಂದಿಗೂ ಇದೆ. ಪ್ರತಿವರ್ಷ ಜುಲೈ ಕೊನೆಯಲ್ಲಿ ಊರಿಗೆ ಊರೇ ಹಳೆಯ ಉಡುಪು ತೊಟ್ಟು ಆ ಸಂತನ ಹಬ್ಬ ಮಾಡುತ್ತದೆ. ಒಂದು ಸಣ್ಣ ಊರು ಬಾಗಿಲು ತೆರೆಯದೆ ನಿಂತ ನೆನಪು ಇಷ್ಟು ಶತಮಾನ ಬಾಳುವುದನ್ನು ಕಂಡು ನನ್ನ ಗಂಟಲು ಕಟ್ಟಿತು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕ್ರ್ಕ್ ದ್ವೀಪದ ಯುರಾಂದ್‌ವೊರ್ ಹಳ್ಳಿಯಲ್ಲಿ. ಅಲ್ಲಿಯ ಸಂತ ಲೂಸಿಯ ಪುಟ್ಟ ಚರ್ಚಿನ ನೆಲಹಾಸಿನಲ್ಲಿ 1851ರಲ್ಲಿ ಒಂದು ಕೆತ್ತಿದ ಕಲ್ಲು ಗಮನಕ್ಕೆ ಬಂತು. ಅದೇ ಬಾಷ್ಕಾ ಫಲಕ. ಸುಮಾರು ಎರಡು ಮೀಟರ್ ಅಗಲ, ಒಂದು ಮೀಟರ್ ಎತ್ತರ, ಸುಮಾರು 800 ಕಿಲೋ ತೂಕ. ಮೂಲ ಕಲ್ಲು ಜಾಗ್ರೆಬ್‌ನಲ್ಲಿದೆ, ಚರ್ಚಿನಲ್ಲಿರುವುದು ಪ್ರತಿ. ಕ್ರಿ.ಶ. 1100ರ ಸುಮಾರಿಗೆ ಸ್ಲಾವ್ ನುಡಿಯ ಹಳೆಯ ಲಿಪಿಯಾದ ಗ್ಲಾಗೊಲಿತ್ಸಾದಲ್ಲಿ ಕಂಡರಿಸಿದ ಬರಹ. ರಾಜ ಜ್ವೋನಿಮಿರ್ ಈ ಚರ್ಚಿಗೆ ಭೂಮಿ ಕೊಟ್ಟನೆಂದು ಅದರಲ್ಲಿದೆ. ಸಾಕ್ಷಿಗಳ ಹೆಸರುಗಳಿವೆ, ಈ ದಾನವನ್ನು ಅಲ್ಲಗಳೆದವನಿಗೆ ಶಾಪವಿದೆ. ನಮ್ಮೂರ ಗುಡಿಯಂಗಳದ ದಾನಶಾಸನಗಳ ನಡೆಯೇ ಅದು! ಸಾವಿರಾರು ಮೈಲಿ ದೂರದ, ಒಂದಕ್ಷರವೂ ಗೊತ್ತಿಲ್ಲದ ಆ ಲಿಪಿಯ ಮುಂದೆ ನನಗೆ ಪರದೇಶದಲ್ಲಿದ್ದೇನೆ ಎನಿಸಲೇ ಇಲ್ಲ.

ಆ ಕಲ್ಲನ್ನು ನೋಡುತ್ತಾ ಲೆಕ್ಕ ಹಾಕಿದೆ. ಸಿಸಿಲಿಯಲ್ಲಿ ನಾರ್ಮನ್ನರು ಅರಬ್ಬಿಯನ್ನೂ ಗ್ರೀಕನ್ನೂ ಉಳಿಸಿಕೊಂಡದ್ದು ಬರಿಯ ಔದಾರ್ಯದಿಂದಲ್ಲ. ಅಲ್ಲಿ ತೆರಿಗೆ, ಜಮೀನು, ಬಂದರುಗಳ ಲೆಕ್ಕವಿಡುವ ಕಚೇರಿಗಳು ಆ ಭಾಷೆಗಳಲ್ಲೇ ನಡೆಯುತ್ತಿದ್ದವು. ಆ ಗುಮಾಸ್ತರಿಲ್ಲದೆ ರಾಜ್ಯ ನಡೆಯುತ್ತಿರಲಿಲ್ಲ. ದಾಲ್ಮಾಟಿಯಾದ ಪಟ್ಟಣಗಳು ಆಗಲೇ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದವು, ಅವುಗಳ ಬದುಕು ಹೆಚ್ಚೇನೂ ಬದಲಾಗುತ್ತಿರಲಿಲ್ಲ. ಬೆಟ್ಟದಾಚೆಯ ಕ್ರೊಯೇಶಿಯಾದಲ್ಲಿ ಇದ್ದದ್ದು ಕುಲಗಳು, ಅವುಗಳ ನಾಯಕರು, ಕುರಿಮಂದೆಗಳು. ಅಲ್ಲಿಗೆ ಇಂಗ್ಲೆಂಡಿನ ದಾರಿಯೇ ಬರುತ್ತಿತ್ತು. ಗುಡ್ಡಕ್ಕೊಂದು ಕೋಟೆ, ಕೋಟೆಗೊಬ್ಬ ಪರದೇಶಿ ಧಣಿ. ಈ ಲಿಪಿಯನ್ನು ಬಳಸುತ್ತಿದ್ದ ಸ್ಲಾವ್ ಭಾಷೆಯ ಪೂಜೆಗೆ 1060ರ ಸುಮಾರಿನ ಸ್ಪ್ಲಿಟ್ ಧರ್ಮಸಭೆ ಆಗಲೇ ಕಡಿವಾಣ ಹಾಕಿತ್ತು. ಪೋಪನ ಕತ್ತಿಯಾಗಿ ಬರುವ ಧಣಿಗಳು ಆ ಕಡಿವಾಣವನ್ನು ಇನ್ನೂ ಬಿಗಿ ಮಾಡುತ್ತಿದ್ದರು. ಪಲೆರ್ಮೊದ ಚಿನ್ನದ ಗೋಡೆಗಳಿಗೆ ಎಷ್ಟು ಮನಸೋತರೂ, ಅಮಿಕೊ ಸೋತದ್ದು ಒಳ್ಳೆಯದಾಯಿತು ಎಂಬುದೇ ನನ್ನ ತೀರ್ಪು.

ಕ್ರೊಯೇಶಿಯಾ ಸ್ವತಂತ್ರವಾಗಿ ಉಳಿಯಲಿಲ್ಲ, ನಿಜ. ಆದರೆ ಹಂಗರಿಯ ದೊರೆಗಳ ಕೈಕೆಳಗೆ ತನ್ನದೇ ರಾಜಪ್ರತಿನಿಧಿಯನ್ನು, ತನ್ನದೇ ಸಭೆಯನ್ನು ಉಳಿಸಿಕೊಂಡಿತು. ದ್ವೀಪಗಳ, ಹಳ್ಳಿಗಳ ಪಾದ್ರಿಗಳು ಗ್ಲಾಗೊಲಿತ್ಸಾವನ್ನು ಬಿಡಲಿಲ್ಲ. 1248ರಲ್ಲಿ ಪೋಪ್ ನಾಲ್ಕನೆಯ ಇನೊಸೆಂಟ್ ಸೆನ್ಯ್ ಊರಿನ ಬಿಷಪ್‌ಗೆ ಆ ಲಿಪಿ ಬಳಸಲು ಒಪ್ಪಿಗೆ ಕೊಟ್ಟ.

ಆಡ್ರಿಯಾಟಿಕ್‌ಗೆ ಹೋಗುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ದುಬ್ರೋವ್ನಿಕ್‌ನ ಗೋಡೆ ಸುತ್ತಿ, ಚಿತ್ರ ತೆಗೆದು ಹಿಂದಿರುಗಬೇಡಿ. ಬಾರಿಯಿಂದ ಕಡಲು ದಾಟಿ ಬನ್ನಿ, ಸೋಲಿನ್‌ನ ಹುಲ್ಲಿನಲ್ಲಿ ನಿಲ್ಲಿ, ರಾಬ್‌ನ ಗೋಪುರ ಹತ್ತಿ, ಯುರಾಂದ್‌ವೊರ್‌ನ ಆ ಚಿಕ್ಕ ಚರ್ಚನ್ನು ನೋಡಿ. ಅಲ್ಲಿ ನಿಂತಾಗ ಇದನ್ನೂ ನೆನೆಯಿರಿ: ಕ್ರೊಯೇಶಿಯಾದ ನುಡಿಯ ಮೊದಲ ಅಚ್ಚಿನ ಪುಸ್ತಕವಾದ ಪೂಜಾವಿಧಿ ಗ್ರಂಥ ಹೊರಬಂದದ್ದು 1483ರ ಫೆಬ್ರವರಿ 22ರಂದು. ಅದು ಅಚ್ಚಾದದ್ದು ಬಾಷ್ಕಾ ಕಲ್ಲಿನಲ್ಲಿರುವ ಗ್ಲಾಗೊಲಿತ್ಸಾ ಲಿಪಿಯಲ್ಲೇ.